ಯೂಲಿಯು ಬೊಡೊಲಾ: ರೊಮೇನಿಯಾದ ಹಳೆಯ ಗೋಲು ವೀರನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೊಮೇನಿಯಾದ ಫುಟ್‌ಬಾಲ್ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗಿಯೋರ್ಗೆ ಹಾಜಿ ನೆನಪಾಗುತ್ತಾರೆ. 1994ರ ವಿಶ್ವಕಪ್ ನೋಡಿದವರು ಅವರನ್ನು ಮರೆಯುವುದು ಕಷ್ಟ. ಆದರೆ ಹಾಜಿ ಮುರಿದ ಗೋಲುಗಳ ದಾಖಲೆ ಯಾರದ್ದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆ ದಾಖಲೆ ಯೂಲಿಯು ಬೊಡೊಲಾ ಅವರದು. ಅವರ ಅಂಕಿಅಂಶ ನೋಡಿದ ತಕ್ಷಣ ಎಲ್ಲರಿಗೂ ಒಂದೇ ಗೊಂದಲ: ಈ ಮನುಷ್ಯ ರೊಮೇನಿಯಾದವರಾ, ಹಂಗೇರಿಯವರಾ? ಪ್ರಶ್ನೆಗಳು ಅಲ್ಲಿಂದಲೇ ಶುರುವಾಗುತ್ತವೆ.

ಬೊಡೊಲಾ ಯಾರು? ಚಿಕ್ಕದಾಗಿ ಹೇಳಿ.

1930 ಮತ್ತು 1940ರ ದಶಕಗಳಲ್ಲಿ ಆಡಿದ ಫಾರ್ವರ್ಡ್. ಹುಟ್ಟಿದ್ದು 1912ರ ಫೆಬ್ರವರಿ 26ರಂದು, ಟ್ರಾನ್ಸಿಲ್ವೇನಿಯಾದ ಬ್ರಶೋವ್ ಪಟ್ಟಣದಲ್ಲಿ. ತೀರಿಕೊಂಡಿದ್ದು 1993ರ ಮೇ ತಿಂಗಳಲ್ಲಿ, ಬುಡಾಪೆಸ್ಟ್‌ನಲ್ಲಿ. ರೊಮೇನಿಯಾ ಪರ 48 ಪಂದ್ಯ, 30 ಗೋಲು. ಹಂಗೇರಿ ಪರ 13 ಪಂದ್ಯ, 4 ಗೋಲು. ಎರಡು ವಿಶ್ವಕಪ್‌ಗಳಿಗೆ ಹೋದರು. ಎರಡು ದೇಶಗಳಲ್ಲಿ ಲೀಗ್ ಚಾಂಪಿಯನ್ ಆದರು.

ಯೂಲಿಯು ಬೊಡೊಲಾ ಮತ್ತು ದ್ಯೂಲಾ ಬೊಡೊಲಾ ಇಬ್ಬರೂ ಒಬ್ಬರೇನಾ?

ಹೌದು, ಒಬ್ಬರೇ. ರೊಮೇನಿಯಾದ ದಾಖಲೆಗಳಲ್ಲಿ ಯೂಲಿಯು, ಹಂಗೇರಿಯ ದಾಖಲೆಗಳಲ್ಲಿ ದ್ಯೂಲಾ. ಆ ಕಾಲದ ಟ್ರಾನ್ಸಿಲ್ವೇನಿಯಾ ಆಟಗಾರರಲ್ಲಿ ಬಹಳಷ್ಟು ಜನಕ್ಕೆ ಹೀಗೆ ಎರಡು ಹೆಸರು. ಹಳೆಯ ಪಟ್ಟಿಗಳನ್ನು ಹುಡುಕುವಾಗ ಎರಡನ್ನೂ ಹಾಕಿ ಹುಡುಕಬೇಕು. ಇಲ್ಲದಿದ್ದರೆ ಅರ್ಧ ವೃತ್ತಿಜೀವನ ಕೈಗೆ ಸಿಗುವುದೇ ಇಲ್ಲ.

ಹುಟ್ಟಿನಿಂದ ಅವರು ಯಾವ ದೇಶದವರು?

ಅವರು ಹುಟ್ಟಿದಾಗ ಬ್ರಶೋವ್ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಮನೆಮಾತು ಹಂಗೇರಿಯನ್. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಸಾಮ್ರಾಜ್ಯ ಒಡೆದುಹೋಯಿತು. 1920ರ ಜೂನ್ 4ರಂದು ಟ್ರಿಯಾನೋನ್ ಒಪ್ಪಂದಕ್ಕೆ ಸಹಿ ಬಿತ್ತು. ಟ್ರಾನ್ಸಿಲ್ವೇನಿಯಾ ರೊಮೇನಿಯಾಕ್ಕೆ ಸೇರಿದ್ದು ಅಧಿಕೃತವಾಯಿತು. ಆಗ ಬೊಡೊಲಾಗೆ ಎಂಟು ವರ್ಷ. ಮನೆ ಬದಲಾಗಲಿಲ್ಲ, ಊರು ಬದಲಾಗಲಿಲ್ಲ, ದೇಶ ಮಾತ್ರ ಬದಲಾಯಿತು.

ಅವರು ಬೆಳೆದದ್ದು, ಆಟ ಕಲಿತದ್ದು, ಹೆಸರು ಮಾಡಿದ್ದು ಎಲ್ಲ ರೊಮೇನಿಯಾದಲ್ಲಿ. ಅಂದರೆ ಜನಾಂಗದಿಂದ ಹಂಗೇರಿಯನ್, ನಾಗರಿಕತ್ವದಿಂದ ರೊಮೇನಿಯನ್. ಟ್ರಾನ್ಸಿಲ್ವೇನಿಯಾದಲ್ಲಿ ಇದು ಆಗಲೂ ಸಾಮಾನ್ಯ ಸಂಗತಿ, ಈಗಲೂ ಅಲ್ಲಿ ದೊಡ್ಡ ಸಂಖ್ಯೆಯ ಹಂಗೇರಿಯನ್ನರಿದ್ದಾರೆ.

ರೊಮೇನಿಯಾ ತಂಡದಲ್ಲಿ ಹಂಗೇರಿಯನ್ ಆಟಗಾರನಿಗೆ ಜಾಗ ಸಿಗುತ್ತಿತ್ತಾ?

ಅವರಿಲ್ಲದೆ ಆ ತಂಡವೇ ಇರುತ್ತಿರಲಿಲ್ಲ. 1934ರ ವಿಶ್ವಕಪ್ ತಂಡದ ಹೆಸರುಗಳನ್ನೇ ನೋಡಿ: ಫೋಗ್ಲ್, ಮೊರಾವೆಟ್ಸ್, ಜೊಂಬೊರಿ, ಸೆಪಿ, ದೊಬಾಯ್, ಬೊಡೊಲಾ. ಜರ್ಮನ್, ಹಂಗೇರಿಯನ್, ರೊಮೇನಿಯನ್, ಎಲ್ಲರೂ ಇದ್ದಾರೆ.

ಇದಕ್ಕೆ ಕಾರಣವೂ ಸರಳ. ತಿಮಿಶ್ವಾರಾ, ಅರಾದ್, ಒರಾದ್ಯಾ, ಕ್ಲುಜ್ ಊರುಗಳಲ್ಲಿ ಸಾಮ್ರಾಜ್ಯದ ಕಾಲದಿಂದಲೇ ಫುಟ್‌ಬಾಲ್ ಬೇರು ಬಿಟ್ಟಿತ್ತು. ಬುಡಾಪೆಸ್ಟ್ ಮತ್ತು ವಿಯೆನ್ನಾದ ಆಟದ ಗಾಳಿ ಅಲ್ಲಿಗೆ ಬೇಗ ತಲುಪುತ್ತಿತ್ತು. ತಿಮಿಶ್ವಾರಾದ ಕಿನೆಜುಲ್ ತಂಡ 1922ರಿಂದ 1927ರವರೆಗೆ ಸತತ ಆರು ಬಾರಿ ರೊಮೇನಿಯಾದ ಚಾಂಪಿಯನ್ ಆಗಿತ್ತು. ರಾಜಧಾನಿ ಬುಖಾರೆಸ್ಟ್ ತಂಡಗಳಿಗೆ ಆ ಮಟ್ಟ ಮುಟ್ಟಲು ಸಮಯ ಬೇಕಾಯಿತು. 1930ರ ದಶಕದ ರೊಮೇನಿಯಾ ತಂಡದ ಬಲ ಪಶ್ಚಿಮದ ಈ ಊರುಗಳಿಂದ ಬಂದದ್ದು. ಇದನ್ನು ಒಪ್ಪಿಕೊಳ್ಳದೆ ಆ ದೇಶದ ಫುಟ್‌ಬಾಲ್ ಚರಿತ್ರೆ ಬರೆಯಲಿಕ್ಕೆ ಆಗುವುದಿಲ್ಲ.

ಅವರು ಮೊದಲು ಮಿಂಚಿದ್ದು ಯಾವ ಕ್ಲಬ್‌ನಲ್ಲಿ?

ಒರಾದ್ಯಾದ ಕ್ಲುಬುಲ್ ಅಥ್ಲೆಟಿಕ್‌ನಲ್ಲಿ. ಎಲ್ಲರೂ ಚಿಕ್ಕದಾಗಿ ಸಿಎಒ ಅನ್ನುತ್ತಾರೆ. ಒರಾದ್ಯಾ ಹಂಗೇರಿಯ ಗಡಿಗೆ ಅಂಟಿಕೊಂಡಿರುವ ಊರು. 1910ರಲ್ಲಿ ಸ್ಥಾಪನೆಯಾದ ಕ್ಲಬ್ ಅದು. ಬೊಡೊಲಾ 1930ರ ದಶಕದ ಆರಂಭದಿಂದ 1937ರವರೆಗೆ ಅಲ್ಲಿ ಆಡಿದರು. ರಾಷ್ಟ್ರೀಯ ತಂಡಕ್ಕೆ ಹೋದದ್ದೂ ಅಲ್ಲಿಂದಲೇ.

ಅದೇ ಹೊತ್ತಿಗೆ ರೊಮೇನಿಯಾದ ಲೀಗ್ ಕೂಡ ರೂಪ ಬದಲಿಸುತ್ತಿತ್ತು. ಮೊದಲು ಪ್ರಾಂತ್ಯಗಳ ಚಾಂಪಿಯನ್ನರು ಕೊನೆಯಲ್ಲಿ ನಾಕೌಟ್ ಆಡುತ್ತಿದ್ದರು. 1932–33ರಲ್ಲಿ ದಿವಿಜಿಯಾ ಎ ಶುರುವಾಯಿತು, ಆಗ ಎರಡು ಗುಂಪುಗಳಿದ್ದವು. 1934–35ರಲ್ಲಿ ಎಲ್ಲ ತಂಡಗಳೂ ಒಂದೇ ಪಟ್ಟಿಗೆ ಬಂದವು. ಆ ಸೀಸನ್‌ನಲ್ಲಿ ಸಿಎಒ ಎರಡನೇ ಸ್ಥಾನ ಪಡೆಯಿತು. ಮೊದಲ ಸ್ಥಾನ ತಿಮಿಶ್ವಾರಾದ ರಿಪೆನ್ಸಿಯಾಗೆ ಹೋಯಿತು. ಆ ದಶಕದಲ್ಲಿ ರಿಪೆನ್ಸಿಯಾ ನಾಲ್ಕು ಸಲ ಗೆದ್ದಿತು. ಅಂಥ ತಂಡದ ಬೆನ್ನಿಗೇ ನಿಂತಿದ್ದು ಒರಾದ್ಯಾದ ಮಟ್ಟಿಗೆ ದೊಡ್ಡ ಸಾಧನೆ ಎಂದೇ ನನ್ನ ಅಭಿಪ್ರಾಯ.

ಅವರು ಆಡುತ್ತಿದ್ದ ಜಾಗ ಯಾವುದು? ಸ್ಟ್ರೈಕರ್ ಅನ್ನಬಹುದಾ?

ಇಂದಿನ ಅರ್ಥದ ಸ್ಟ್ರೈಕರ್ ಅಲ್ಲ. ಅವರು ಇನ್‌ಸೈಡ್ ಲೆಫ್ಟ್.

ಆಗಿನ ತಂಡಗಳು ಹಿಂದೆ ಇಬ್ಬರು, ಮಧ್ಯೆ ಮೂವರು, ಮುಂದೆ ಐವರು ಎಂದು ನಿಲ್ಲುತ್ತಿದ್ದವು. ಮುಂದಿನ ಐವರಲ್ಲಿ ಎರಡು ಅಂಚುಗಳಲ್ಲಿ ವಿಂಗರ್‌ಗಳು, ನಡುವೆ ಸೆಂಟರ್ ಫಾರ್ವರ್ಡ್. ವಿಂಗರ್ ಮತ್ತು ಸೆಂಟರ್ ನಡುವಿನ ಎರಡು ಜಾಗಗಳೇ ಇನ್‌ಸೈಡ್ ಲೆಫ್ಟ್ ಮತ್ತು ಇನ್‌ಸೈಡ್ ರೈಟ್. ಆ ಜಾಗದವನಿಗೆ ಕೆಲಸ ಜಾಸ್ತಿ. ಹಿಂದೆ ಇಳಿದು ಚೆಂಡು ತೆಗೆದುಕೊಳ್ಳಬೇಕು, ವಿಂಗರ್‌ಗೆ ಕೊಡಬೇಕು, ಅದು ತಿರುಗಿ ಬರುವಷ್ಟರಲ್ಲಿ ಗೋಲಿನ ಮುಂದೆ ಇರಬೇಕು. ಇಂದಿನ ನಂಬರ್ ಹತ್ತು ಮತ್ತು ಎರಡನೇ ಸ್ಟ್ರೈಕರ್ ಕೆಲಸ ಎರಡೂ ಅದರಲ್ಲಿ ಸೇರಿತ್ತು. ಬರೀ ಗೋಲಿನ ಮುಂದೆ ಕಾದು ನಿಲ್ಲುವ ಜಾಗ ಅದಲ್ಲ. ಹೀಗಾಗಿ ಅಲ್ಲಿಂದ 48 ಪಂದ್ಯಗಳಲ್ಲಿ 30 ಗೋಲು ಬಂದಿರುವುದನ್ನು ನಾನು ಬಹಳ ದೊಡ್ಡದಾಗಿ ಕಾಣುತ್ತೇನೆ.

ರೊಮೇನಿಯಾ ಪರ ಅವರ ಎಡಕ್ಕೆ ನಿಂತಿದ್ದವರು ಶ್ತೆಫಾನ್ ದೊಬಾಯ್, ರಿಪೆನ್ಸಿಯಾದ ಎಡ ವಿಂಗರ್. ಗಟ್ಟಿ ಹೊಡೆತಕ್ಕೆ ಹೆಸರಾದವರು. ದಿವಿಜಿಯಾ ಎಯಲ್ಲಿ ನಾಲ್ಕು ಸೀಸನ್ ಅತಿ ಹೆಚ್ಚು ಗೋಲು ಹೊಡೆದವರೂ ಅವರೇ. ಒಬ್ಬರು ಅಂಚಿನಿಂದ ನುಗ್ಗುವವರು, ಇನ್ನೊಬ್ಬರು ಒಳಗಿನಿಂದ. ಆ ದಶಕದಲ್ಲಿ ಎದುರಾಳಿಗಳ ಬಲಬದಿಯ ಡಿಫೆಂಡರ್‌ಗೆ ಬಿಡುವೇ ಇರಲಿಲ್ಲ ಅನ್ನಬೇಕು.

ಬೊಡೊಲಾ ಲೀಗ್‌ನಲ್ಲಿ ಟಾಪ್ ಸ್ಕೋರರ್ ಆಗಿದ್ದರಾ?

ರೊಮೇನಿಯಾದ ಲೀಗ್‌ನಲ್ಲಿ ಇಲ್ಲ. 1933, 1934, 1935, 1937, ಈ ನಾಲ್ಕೂ ವರ್ಷ ಆ ಪಟ್ಟ ದೊಬಾಯ್‌ಗೆ ಹೋಯಿತು. ಬೊಡೊಲಾ ಅವರ ಹೆಸರು ಉಳಿದಿರುವುದು ರಾಷ್ಟ್ರೀಯ ತಂಡದ ಗೋಲುಗಳಿಂದ.

ರಾಷ್ಟ್ರೀಯ ತಂಡಕ್ಕೆ ಯಾವಾಗ ಬಂದರು? 1930ರ ವಿಶ್ವಕಪ್‌ನಲ್ಲಿ ಆಡಿದ್ದರಾ?

1930ರಲ್ಲಿ ಇರಲಿಲ್ಲ. ಉರುಗ್ವೆಗೆ ಯೂರೋಪಿನಿಂದ ಹೋದದ್ದೇ ನಾಲ್ಕು ತಂಡ: ಫ್ರಾನ್ಸ್, ಬೆಲ್ಜಿಯಂ, ಯುಗೊಸ್ಲಾವಿಯಾ, ರೊಮೇನಿಯಾ. ರೊಮೇನಿಯಾ ಹೋಗುವಂತಾಗಿದ್ದು ರಾಜ ಎರಡನೇ ಕ್ಯಾರೊಲ್ ಆಸಕ್ತಿಯಿಂದ. ಆಟಗಾರರಿಗೆ ಕೆಲಸದಿಂದ ರಜೆ ಸಿಗುವಂತೆ ನೋಡಿಕೊಂಡಿದ್ದೂ ಅವರೇ. ಆಗ ಬೊಡೊಲಾಗೆ ಹದಿನೆಂಟು.

ಅವರು ರಾಷ್ಟ್ರೀಯ ತಂಡಕ್ಕೆ ಕಾಲಿಟ್ಟಿದ್ದು 1931ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ಆ ದಶಕವಿಡೀ ಅವರ ಹೆಸರು ತಂಡದ ಪಟ್ಟಿಯಿಂದ ತಪ್ಪಿದ್ದು ಕಡಿಮೆ.

ಬಾಲ್ಕನ್ ಕಪ್ ಅಂದರೆ ಏನು? ಅದಕ್ಕೆ ಯಾಕೆ ಅಷ್ಟು ಮಹತ್ವ?

ಯೂರೋ ಕಪ್ ಹುಟ್ಟಿದ್ದೇ 1960ರಲ್ಲಿ. ಅದಕ್ಕೆ ಮೊದಲು ಪ್ರಾದೇಶಿಕ ಟೂರ್ನಿಗಳೇ ದೊಡ್ಡವು. ರೊಮೇನಿಯಾ, ಯುಗೊಸ್ಲಾವಿಯಾ, ಬಲ್ಗೇರಿಯಾ, ಗ್ರೀಸ್ ಆಡುತ್ತಿದ್ದ ಟೂರ್ನಿ ಬಾಲ್ಕನ್ ಕಪ್. ನೆರೆಹೊರೆಯ ದೇಶಗಳು ಅಂದಮೇಲೆ ಕೇಳಬೇಕೇ, ಪೈಪೋಟಿ ಜೋರಾಗಿಯೇ ಇರುತ್ತಿತ್ತು.

1929ರಲ್ಲಿ ಶುರುವಾಗಿ 1931ರವರೆಗೆ ಎಳೆದ ಮೊದಲ ಬಾಲ್ಕನ್ ಕಪ್ ರೊಮೇನಿಯಾ ಗೆದ್ದಿತು. ಆಮೇಲೆ 1933 ಮತ್ತು 1936ರಲ್ಲೂ ಗೆದ್ದಿತು. ಇವುಗಳಲ್ಲಿ 1933ರದ್ದು ಬೇರೆ ಮಟ್ಟದ್ದು. ಪಂದ್ಯಗಳು ಬುಖಾರೆಸ್ಟ್‌ನಲ್ಲೇ ನಡೆದವು. ಬಲ್ಗೇರಿಯಾ ವಿರುದ್ಧ 7–0. ಗ್ರೀಸ್ ವಿರುದ್ಧ 1–0. ಯುಗೊಸ್ಲಾವಿಯಾ ವಿರುದ್ಧ 5–0. ಮೂರು ಪಂದ್ಯ, ಹದಿಮೂರು ಗೋಲು, ಬಿಟ್ಟುಕೊಟ್ಟಿದ್ದು ಒಂದೂ ಇಲ್ಲ. ಯುಗೊಸ್ಲಾವಿಯಾ ಅಂದರೆ ಮೂರು ವರ್ಷದ ಹಿಂದೆ ಮೊದಲ ವಿಶ್ವಕಪ್‌ನ ಸೆಮಿಫೈನಲ್ ಆಡಿದ ದೇಶ. ಅದನ್ನು ಐದು ಗೋಲಿನಿಂದ ಸೋಲಿಸುವುದು ಹುಡುಗಾಟವಲ್ಲ.

ರೊಮೇನಿಯಾದ ಒಳ್ಳೆಯ ತಂಡ ಅಂದರೆ 1994ರದ್ದು ಮಾತ್ರ ಎಂದು ಯಾರಾದರೂ ಹೇಳಿದರೆ ನಾನು ಮೊದಲು ತೋರಿಸುವುದು ಈ ಮೂರು ಸ್ಕೋರ್‌ಗಳನ್ನು.

ವಿಶ್ವಕಪ್‌ನಲ್ಲಿ ಬೊಡೊಲಾ ಎಷ್ಟು ಗೋಲು ಹೊಡೆದರು?

ಒಂದೂ ಇಲ್ಲ. ಸಿಕ್ಕ ಅವಕಾಶವೂ ಅಷ್ಟೇ ಕಡಿಮೆ.

1934ರ ಟೂರ್ನಿ ಇಟಲಿಯಲ್ಲಿ. ಲೀಗ್ ಹಂತ ಇರಲಿಲ್ಲ, ಮೊದಲ ದಿನದಿಂದಲೇ ನಾಕೌಟ್. ಮೇ 27ರಂದು ತ್ರಿಯೆಸ್ತೆಯಲ್ಲಿ ಎದುರಾದದ್ದು ಚೆಕೊಸ್ಲೊವಾಕಿಯಾ. ದೊಬಾಯ್ ಹನ್ನೊಂದನೇ ನಿಮಿಷದಲ್ಲೇ ಗೋಲು ಹೊಡೆದರು. ಅರ್ಧ ಸಮಯಕ್ಕೆ ರೊಮೇನಿಯಾ ಮುಂದಿತ್ತು. ಎರಡನೇ ಅರ್ಧದಲ್ಲಿ ಪುಚ್ ಮತ್ತು ನೆಯೆಡ್ಲಿ ಒಂದೊಂದು ಗೋಲು ಹೊಡೆದು ಪಂದ್ಯ ತಿರುಗಿಸಿದರು. ಎದುರಾಳಿಯ ಗೋಲು ಕಾಯುತ್ತಿದ್ದವರು ಫ್ರಾಂಟಿಶೆಕ್ ಪ್ಲಾನಿಚ್ಕಾ, ಆ ಕಾಲದ ಅತ್ಯುತ್ತಮ ಗೋಲ್‌ಕೀಪರ್‌ಗಳಲ್ಲಿ ಒಬ್ಬರು. 1–2ರಿಂದ ಸೋತು ರೊಮೇನಿಯಾ ಒಂದೇ ಪಂದ್ಯಕ್ಕೆ ಮನೆಗೆ ಬಂತು. ಚೆಕೊಸ್ಲೊವಾಕಿಯಾ ಫೈನಲ್‌ವರೆಗೆ ಹೋಗಿ, ಹೆಚ್ಚುವರಿ ಸಮಯದಲ್ಲಿ ಇಟಲಿಗೆ ಸೋತಿತು.

ಅಂದರೆ ಫೈನಲ್ ತಲುಪಿದ ತಂಡವನ್ನು ಮೊದಲ ಸುತ್ತಿನಲ್ಲೇ ಎದುರಿಸಿ ಒಂದು ಗೋಲಿನಿಂದ ಸೋತರು. ಆ ಸೋಲಿನಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

1938ರಲ್ಲಿ ಕ್ಯೂಬಾಗೆ ಸೋತದ್ದು ನಿಜಾನಾ?

ನಿಜ. ಇದು ನೋವಿನ ಕಥೆ.

ಅರ್ಹತಾ ಸುತ್ತಿನಲ್ಲಿ ರೊಮೇನಿಯಾದ ಎದುರಾಳಿ ಈಜಿಪ್ಟ್ ಆಗಿತ್ತು. ಈಜಿಪ್ಟ್ ಹಿಂದೆ ಸರಿಯಿತು. ಹಾಗಾಗಿ ಆಡದೆಯೇ ಫ್ರಾನ್ಸ್‌ಗೆ ಟಿಕೆಟ್ ಸಿಕ್ಕಿತು. ಮೊದಲ ಸುತ್ತಿನಲ್ಲಿ ಎದುರಾಳಿ ಕ್ಯೂಬಾ. ಅವರಿಗೂ ಅರ್ಹತಾ ಪಂದ್ಯ ಆಡುವ ಪ್ರಸಂಗ ಬಂದಿರಲಿಲ್ಲ, ಆ ಭಾಗದ ಬೇರೆ ದೇಶಗಳು ಹಿಂದೆ ಸರಿದಿದ್ದವು. ವಿಶ್ವಕಪ್ ಅವರಿಗೆ ಅದೇ ಮೊದಲು. ಸುಲಭದ ಪಂದ್ಯ ಎಂದೇ ಎಲ್ಲರ ಲೆಕ್ಕ.

ಜೂನ್ 5ರಂದು ತುಲೂಸ್‌ನಲ್ಲಿ ಪಂದ್ಯ. ಮುಂಪಂಕ್ತಿಯಲ್ಲಿ ಬೊಡೊಲಾ, ದೊಬಾಯ್, ಬರಾಟ್ಕಿ, ಬಿಂದ್ಯಾ, ಕೊವಾಚ್. ಕಾಗದದ ಮೇಲೆ ಇದಕ್ಕಿಂತ ಬಲವಾದ ಐವರು ರೊಮೇನಿಯಾಗೆ ಸಿಗುವಂತಿರಲಿಲ್ಲ. ಬಿಂದ್ಯಾ, ಬರಾಟ್ಕಿ, ದೊಬಾಯ್ ಒಂದೊಂದು ಗೋಲು ಹೊಡೆದರು. ಆದರೂ ಕ್ಯೂಬಾ ಬಿಟ್ಟುಕೊಡಲಿಲ್ಲ. ಹೆಚ್ಚುವರಿ ಸಮಯ ಮುಗಿದಾಗ ಸ್ಕೋರ್ 3–3. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ. ಪಂದ್ಯವನ್ನು ಮತ್ತೆ ಆಡಬೇಕು.

ಜೂನ್ 9ರಂದು ಅಲ್ಲೇ ಮರುಪಂದ್ಯ. ದೊಬಾಯ್ ಮೊದಲು ಗೋಲು ಹೊಡೆದರು. ಎರಡನೇ ಅರ್ಧದಲ್ಲಿ ಕ್ಯೂಬಾ ಬೇಗಬೇಗನೆ ಎರಡು ಗೋಲು ಹೊಡೆದು 2–1ರಿಂದ ಗೆದ್ದಿತು. ಮುಂದಿನ ಸುತ್ತಿನಲ್ಲಿ ಸ್ವೀಡನ್ ವಿರುದ್ಧ ಕ್ಯೂಬಾ 0–8ರಿಂದ ಸೋತಿತು. ಆ ಸ್ಕೋರ್ ನೋಡಿದಾಗ ರೊಮೇನಿಯಾದ ಸೋಲು ಇನ್ನೂ ಕಹಿಯಾಗುತ್ತದೆ. ಆಗ ಬೊಡೊಲಾಗೆ 26 ವರ್ಷ. ಮುಂದಿನ ಎರಡು ವಿಶ್ವಕಪ್‌ಗಳು ಯುದ್ಧದಿಂದ ನಡೆಯಲೇ ಇಲ್ಲ. ಅವರ ಪಾಲಿಗೆ ವಿಶ್ವಕಪ್ ಅಲ್ಲಿಗೇ ಮುಗಿಯಿತು.

ಬರಾಟ್ಕಿ ಮತ್ತು ಬೊಡೊಲಾ ಹೆಸರು ಕಲಸಿಹೋಗುತ್ತಲ್ಲ, ವ್ಯತ್ಯಾಸ ಏನು?

ಕಲಸಿಹೋಗುವುದು ಸಹಜ. ಇಬ್ಬರ ಮೊದಲ ಹೆಸರೂ ಒಂದೇ, ಯೂಲಿಯು. ಇಬ್ಬರೂ ಫಾರ್ವರ್ಡ್‌ಗಳು. ಇಬ್ಬರೂ ಎರಡೂ ದೇಶಗಳ ಪರ ಆಡಿದವರು. ಆದರೆ ದಾರಿ ಉಲ್ಟಾ.

ಯೂಲಿಯು ಬರಾಟ್ಕಿ ಹುಟ್ಟಿದ್ದು 1910ರಲ್ಲಿ, ಒರಾದ್ಯಾದಲ್ಲಿ. ಮೊದಲು ಬುಡಾಪೆಸ್ಟ್‌ಗೆ ಹೋಗಿ ಹಂಗೇರಿ ಪರ 9 ಪಂದ್ಯ ಆಡಿದರು. ಆಮೇಲೆ ರೊಮೇನಿಯಾಗೆ ಮರಳಿ ಅದರ ಪರ 20 ಪಂದ್ಯ ಆಡಿದರು. ಬುಖಾರೆಸ್ಟ್‌ನ ರಾಪಿಡ್ ಕ್ಲಬ್‌ನ ಅಭಿಮಾನಿಗಳಿಗೆ ಅವರು ಇಂದಿಗೂ ದೊಡ್ಡ ಹೆಸರು. ಬೊಡೊಲಾ ಮೊದಲು ರೊಮೇನಿಯಾ, ಆಮೇಲೆ ಹಂಗೇರಿ. ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಬುಖಾರೆಸ್ಟ್‌ಗೆ ಯಾಕೆ ಹೋದರು?

1937ರಲ್ಲಿ ವೀನಸ್ ಬುಖಾರೆಸ್ಟ್ ಸೇರಿದರು. ವೀನಸ್ ಆಗ ರಾಜಧಾನಿಯ ಪ್ರಬಲ ಕ್ಲಬ್. ಅದರ ಬೆನ್ನಿಗಿದ್ದವರು ಬುಖಾರೆಸ್ಟ್ ಪೊಲೀಸ್ ಮುಖ್ಯಸ್ಥರಾಗಿದ್ದ ಗಾಬ್ರಿಯೆಲ್ ಮರಿನೆಸ್ಕು. ಹಣವೂ ಇತ್ತು, ಪ್ರಭಾವವೂ ಇತ್ತು. 1939 ಮತ್ತು 1940ರಲ್ಲಿ ವೀನಸ್ ಸತತ ಎರಡು ಸಲ ಲೀಗ್ ಗೆದ್ದಿತು. ಒರಾದ್ಯಾದಲ್ಲಿ ಕೈತಪ್ಪಿದ್ದ ಪ್ರಶಸ್ತಿ ಬೊಡೊಲಾಗೆ ಸಿಕ್ಕಿದ್ದು ಇಲ್ಲಿ.

ಒಟ್ಟು ಎಂಟು ಸಲ ರೊಮೇನಿಯಾದ ಚಾಂಪಿಯನ್ ಆಗಿದ್ದ ಈ ಕ್ಲಬ್ 1949ರ ಹೊತ್ತಿಗೆ ಮುಚ್ಚಿಹೋಯಿತು. ಹೊಸ ಕಮ್ಯುನಿಸ್ಟ್ ಆಡಳಿತ ಸೇನೆಗೊಂದು, ಗೃಹ ಇಲಾಖೆಗೊಂದು ಎಂದು ಹೊಸ ಕ್ಲಬ್‌ಗಳನ್ನು ಕಟ್ಟುತ್ತಿತ್ತು. ಇಂದು ನಮಗೆ ಗೊತ್ತಿರುವ ಸ್ತ್ಯಾವಾ ಮತ್ತು ದಿನಾಮೊ ಆ ಕಾಲದಲ್ಲಿ ಹುಟ್ಟಿದವು. ಹಳೆಯ ಖಾಸಗಿ ಕ್ಲಬ್‌ಗಳಿಗೆ ಅಲ್ಲಿ ಉಳಿಗಾಲ ಇರಲಿಲ್ಲ.

1940ರಲ್ಲಿ ಏನಾಯಿತು? ಅವರು ಪಕ್ಷಾಂತರ ಮಾಡಿದರಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಸ್ವಲ್ಪ ವಿವರವಾಗಿ ನೋಡೋಣ.

1940ರ ಬೇಸಿಗೆ ರೊಮೇನಿಯಾಗೆ ಭಯಂಕರ ಬೇಸಿಗೆ. ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ದೇಶದ ಪೂರ್ವ ಭಾಗವಾದ ಬೆಸರಾಬಿಯಾ ಕಿತ್ತುಕೊಂಡಿತು. ಆಗಸ್ಟ್ 30ರಂದು ವಿಯೆನ್ನಾದಲ್ಲಿ ಜರ್ಮನಿ ಮತ್ತು ಇಟಲಿ ಪಂಚಾಯ್ತಿ ಮಾಡಿ ಉತ್ತರ ಟ್ರಾನ್ಸಿಲ್ವೇನಿಯಾವನ್ನು ಹಂಗೇರಿಗೆ ಕೊಟ್ಟವು. ಒರಾದ್ಯಾ, ಕ್ಲುಜ್ ಎರಡೂ ಹಂಗೇರಿಗೆ ಹೋದವು. ಬ್ರಶೋವ್, ಅರಾದ್, ತಿಮಿಶ್ವಾರಾ ರೊಮೇನಿಯಾದಲ್ಲೇ ಉಳಿದವು. ಫುಟ್‌ಬಾಲ್ ಮೇಲೂ ಇದರ ನೆರಳು ಬಿತ್ತು. ಮಧ್ಯ ಯೂರೋಪಿನ ಕ್ಲಬ್‌ಗಳ ಟೂರ್ನಿಯಾದ ಮಿತ್ರೊಪಾ ಕಪ್‌ನ ಆ ವರ್ಷದ ಫೈನಲ್ ರಾಪಿಡ್ ಬುಖಾರೆಸ್ಟ್ ಮತ್ತು ಬುಡಾಪೆಸ್ಟ್‌ನ ಫೆರೆನ್ಸ್‌ವಾರೋಶ್ ನಡುವೆ ಆಗಬೇಕಿತ್ತು. ಆ ಪಂದ್ಯ ನಡೆಯಲೇ ಇಲ್ಲ.

ಬೊಡೊಲಾ ವಿಷಯದಲ್ಲಿ "ಅವರು ಕದಲಲಿಲ್ಲ, ಗಡಿ ಕದಲಿತು" ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ. 1920ರಲ್ಲಿ ಹಾಗೆ ಆಗಿದ್ದು ನಿಜ. 1940ರಲ್ಲಿ ಅವರು ಇದ್ದದ್ದು ಬುಖಾರೆಸ್ಟ್‌ನಲ್ಲಿ, ಆಡುತ್ತಿದ್ದದ್ದು ಚಾಂಪಿಯನ್ ತಂಡದಲ್ಲಿ. ಹುಟ್ಟೂರು ಬ್ರಶೋವ್ ಕೂಡ ರೊಮೇನಿಯಾದಲ್ಲೇ ಇತ್ತು. ಅಲ್ಲಿಂದ ಹೊರಟು ಹಂಗೇರಿಯ ಪಾಲಾದ ಒರಾದ್ಯಾಗೆ ಹೋದರು. ಅಂದರೆ ಗಡಿಯೂ ಬದಲಾಯಿತು, ಅವರೂ ಒಂದು ಹೆಜ್ಜೆ ಇಟ್ಟರು.

ಹಾಗಂತ ಅದನ್ನು ದ್ರೋಹ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆಟಗಾರನಾಗಿ ಅವರು ಬೆಳೆದ ಊರು ಒರಾದ್ಯಾ. ಅವರು ಮರಳಿದ್ದು ತಮ್ಮ ಹಳೆಯ ಕ್ಲಬ್‌ಗೇ. ಅಲ್ಲಿನ ಜನ ಅವರ ಭಾಷೆ ಆಡುವವರು. ಎರಡು ದೇಶಗಳು ಹಲ್ಲು ಮಸೆಯುತ್ತಿದ್ದ ಹೊತ್ತಿನಲ್ಲಿ, ಹಂಗೇರಿಯನ್ ಮನೆಮಾತಿನ ಒಬ್ಬ ಮನುಷ್ಯ ಆ ಕಡೆ ಹೋದದ್ದನ್ನು ಇಂದು ಕುಳಿತು ತೂಗುವುದು ಸುಲಭ. ಅವರು 48 ಪಂದ್ಯಗಳಲ್ಲಿ ರೊಮೇನಿಯಾಗೆ ಕೊಟ್ಟದ್ದನ್ನು ಆ ಪ್ರಯಾಣ ಅಳಿಸುವುದಿಲ್ಲ.

ನಮ್ಮ ಕಡೆ ಇದಕ್ಕೆ ಹತ್ತಿರದ ಉದಾಹರಣೆ ಕ್ರಿಕೆಟ್‌ನಲ್ಲಿದೆ. ಅಬ್ದುಲ್ ಹಫೀಜ್ ಕಾರ್ದಾರ್ 1946ರಲ್ಲಿ ಭಾರತದ ಪರ ಟೆಸ್ಟ್ ಆಡಿ, ಆಮೇಲೆ ಪಾಕಿಸ್ತಾನದ ಮೊದಲ ನಾಯಕರಾದರು. ಅಮೀರ್ ಇಲಾಹಿ ಕೂಡ ಎರಡೂ ದೇಶಗಳ ಪರ ಟೆಸ್ಟ್ ಆಡಿದವರು.

ಒಬ್ಬರು ಎರಡು ದೇಶಗಳ ಪರ ಆಡಲು ನಿಯಮ ಬಿಡುತ್ತಿತ್ತಾ?

ಆಗ ಬಿಡುತ್ತಿತ್ತು. ನಾಗರಿಕತ್ವ ಬದಲಾದರೆ ತಂಡವೂ ಬದಲಾಗಬಹುದಿತ್ತು. ಲಾಸ್ಲೊ ಕುಬಾಲಾ ಚೆಕೊಸ್ಲೊವಾಕಿಯಾ, ಹಂಗೇರಿ, ಸ್ಪೇನ್, ಹೀಗೆ ಮೂರು ದೇಶಗಳ ಪರ ಆಡಿದರು. ಹಂಗೇರಿಯ ತಾರೆ ಫೆರೆನ್ಸ್ ಪುಶ್ಕಾಶ್ 1962ರ ವಿಶ್ವಕಪ್‌ನಲ್ಲಿ ಸ್ಪೇನ್ ಪರ ಆಡಿದರು. ಫಿಫಾ ನಿಯಮ ಬಿಗಿ ಮಾಡಿದ್ದು ಅದೆಲ್ಲ ಆದ ಮೇಲೆ.

ಹಂಗೇರಿಯ ಲೀಗ್‌ನಲ್ಲಿ ಒರಾದ್ಯಾ ತಂಡ ಹೇಗೆ ಆಡಿತು?

ಅದ್ಭುತವಾಗಿ. ಹಂಗೇರಿಯನ್ನರು ಒರಾದ್ಯಾವನ್ನು ನಾದ್ಯವಾರಾದ್ ಎಂದು ಕರೆಯುತ್ತಾರೆ. ಅದೇ ಕ್ಲಬ್ ಈಗ ನಾದ್ಯವಾರಾದ್ ಎಸಿ ಎಂಬ ಹೆಸರಿನಲ್ಲಿ ಹಂಗೇರಿ ಲೀಗ್‌ಗೆ ಇಳಿಯಿತು. 1942–43ರಲ್ಲಿ ಎರಡನೇ ಸ್ಥಾನ. 1943–44ರಲ್ಲಿ ಚಾಂಪಿಯನ್, ಅದೂ ಎರಡನೇ ಸ್ಥಾನದ ಫೆರೆನ್ಸ್‌ವಾರೋಶ್‌ಗಿಂತ 13 ಅಂಕ ಮುಂದೆ. ಗೆಲುವಿಗೆ ಎರಡೇ ಅಂಕ ಇದ್ದ ಕಾಲ ಅದು. ಆ ಲೆಕ್ಕದಲ್ಲಿ 13 ಅಂಕ ಎಂದರೆ ಬಹಳ ದೊಡ್ಡ ಅಂತರ. ಅಲ್ಲಿಯವರೆಗೆ ಬುಡಾಪೆಸ್ಟ್ ಮತ್ತು ಅದರ ಆಸುಪಾಸಿನ ತಂಡಗಳನ್ನು ಬಿಟ್ಟು ಬೇರೆ ಯಾರೂ ಆ ಲೀಗ್ ಗೆದ್ದಿರಲಿಲ್ಲ.

ಆ ತಂಡದಲ್ಲಿ ಬೊಡೊಲಾ ಜೊತೆ ಯುವ ಡಿಫೆಂಡರ್ ದ್ಯೂಲಾ ಲೋರಾಂತ್ ಕೂಡ ಇದ್ದರು. ಹತ್ತು ವರ್ಷದ ನಂತರ 1954ರ ವಿಶ್ವಕಪ್ ಫೈನಲ್ ಆಡಿದ ಹಂಗೇರಿಯ ಸುವರ್ಣ ತಂಡದಲ್ಲಿ ಅವರನ್ನು ನೋಡಬಹುದು.

ಆದರೆ 1944ರ ಆ ಪ್ರಶಸ್ತಿಯ ಮಾತಾಡುವಾಗ ಇನ್ನೊಂದು ವಿಷಯ ಬಿಟ್ಟರೆ ತಪ್ಪಾಗುತ್ತದೆ. ಆ ವರ್ಷದ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳಲ್ಲಿ ನಾದ್ಯವಾರಾದ್‌ನ ಯೆಹೂದ್ಯರನ್ನು ಗೆಟ್ಟೊ ಒಂದರಲ್ಲಿ ಕೂಡಿ ಹಾಕಿದರು. ಊರಿನ ಮತ್ತು ಸುತ್ತಲಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ಗೆ ಸಾಗಿಸಿದರು. ಊರಿನ ಅಂಗಡಿ, ಆಸ್ಪತ್ರೆ, ಶಾಲೆ, ರಂಗಮಂದಿರ, ಎಲ್ಲೆಡೆ ಇದ್ದ ಜನ ಅವರು. ಕ್ಲಬ್ ಇತಿಹಾಸದ ಅತಿ ದೊಡ್ಡ ಗೆಲುವು ಮತ್ತು ಊರಿನ ಅತಿ ದೊಡ್ಡ ದುರಂತ, ಎರಡೂ ಒಂದೇ ವಸಂತದಲ್ಲಿ ನಡೆದವು. ಪ್ರಶಸ್ತಿಗಳ ಪಟ್ಟಿಯಲ್ಲಿ 1944 ಎಂಬ ವರ್ಷ ಕಂಡಾಗ ಅದೂ ನೆನಪಿರಬೇಕು ಎಂದು ನನಗೆ ಅನಿಸುತ್ತದೆ.

ಯುದ್ಧ ಮುಗಿದ ಮೇಲೆ?

ಒರಾದ್ಯಾ ಮತ್ತೆ ರೊಮೇನಿಯಾಗೆ ಬಂತು. 1947ರ ಪ್ಯಾರಿಸ್ ಶಾಂತಿ ಒಪ್ಪಂದ ಅದನ್ನು ಖಾಯಂ ಮಾಡಿತು. ಬೊಡೊಲಾ ಸ್ವಲ್ಪ ಕಾಲ ಕ್ಲುಜ್‌ನ ಫೆರಾರ್ ತಂಡದಲ್ಲಿ ಆಡಿದರು. 1946ರಲ್ಲಿ ಬುಡಾಪೆಸ್ಟ್‌ನ ಎಂಟಿಕೆ ಸೇರಿದರು. ಯೆಹೂದ್ಯ ನಂಟಿನ ಕಾರಣಕ್ಕೆ 1940ರಲ್ಲಿ ಬಾಗಿಲು ಹಾಕಬೇಕಾಗಿ ಬಂದಿದ್ದ ಕ್ಲಬ್ ಅದು, ಯುದ್ಧದ ಬಳಿಕ ಮತ್ತೆ ತಲೆಯೆತ್ತುತ್ತಿತ್ತು. ನಾಂದೋರ್ ಹಿದೆಗ್ಕುಟಿ ಆಗ ಅಲ್ಲಿ ಬೆಳೆಯುತ್ತಿದ್ದ ಆಟಗಾರ. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೂರು ಗೋಲು ಹೊಡೆದವರು ಇವರೇ.

ಹಂಗೇರಿ ರಾಷ್ಟ್ರೀಯ ತಂಡದ ಪರ ಬೊಡೊಲಾ 1948ರವರೆಗೆ ಆಡಿದರು. ಅಷ್ಟೊತ್ತಿಗೆ ಅವರಿಗೆ 36. ಪುಶ್ಕಾಶ್ ಪೀಳಿಗೆ ಆಗಲೇ ಜಾಗ ಹಿಡಿದಿತ್ತು. ಆಟ ಬಿಟ್ಟ ಮೇಲೆ ಹಂಗೇರಿಯಲ್ಲೇ ಕೋಚ್ ಆಗಿ ಕೆಲಸ ಮಾಡಿದರು.

ಅವರ ಗೋಲು ದಾಖಲೆ ಎಷ್ಟು ಕಾಲ ಉಳಿಯಿತು?

ಅರ್ಧ ಶತಮಾನಕ್ಕೂ ಹೆಚ್ಚು. 1990ರ ದಶಕದ ಕೊನೆಭಾಗದಲ್ಲಿ ಹಾಜಿ ಅದನ್ನು ದಾಟಿ 35 ಗೋಲುಗಳಿಗೆ ನಿಂತರು. ಬೊಡೊಲಾ ಅದನ್ನು ನೋಡಲು ಇರಲಿಲ್ಲ. 2013ರ ಮಾರ್ಚ್‌ನಲ್ಲಿ ಆದ್ರಿಯಾನ್ ಮುತು 35ನೇ ಗೋಲು ಹೊಡೆದು ಹಾಜಿಯನ್ನು ಸರಿಗಟ್ಟಿದರು. ಆ ಗೋಲು ಬಂದದ್ದು ಬುಡಾಪೆಸ್ಟ್‌ನಲ್ಲಿ, ಹಂಗೇರಿ ವಿರುದ್ಧ.

ಲೆಕ್ಕ ಹಾಕಿ ನೋಡಿ. ಬೊಡೊಲಾ ಪ್ರತಿ ಎಂಟು ಪಂದ್ಯಕ್ಕೆ ಐದು ಗೋಲು ಹೊಡೆದಿದ್ದಾರೆ. 35 ಗೋಲಿಗೆ ಹಾಜಿ 120ಕ್ಕೂ ಹೆಚ್ಚು ಪಂದ್ಯ ತೆಗೆದುಕೊಂಡರು. ಇದು ಹಾಜಿಯನ್ನು ಕಡಿಮೆ ಮಾಡುವ ಮಾತಲ್ಲ. ಹಾಜಿ ಆಡಿದ ಕಾಲದಲ್ಲಿ ಡಿಫೆನ್ಸ್ ಎಷ್ಟೋ ಗಟ್ಟಿಯಾಗಿತ್ತು, ಅವರ ಕೆಲಸವೂ ಬೇರೆ. ಆದರೆ ಗೋಲು ಹೊಡೆಯುವ ವೇಗ ಒಂದನ್ನೇ ಹಿಡಿದು ನೋಡಿದರೆ, ದೀರ್ಘಕಾಲ ಆಡಿದ ರೊಮೇನಿಯನ್ನರಲ್ಲಿ ಬೊಡೊಲಾ ಅವರೇ ಮುಂದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಕೆಲವು ಕಡೆ 31 ಗೋಲು ಎಂದಿದೆಯಲ್ಲ?

ಹಳೆಯ ಪಟ್ಟಿಗಳಲ್ಲಿ ಹಾಗಿದೆ. ಈಗ ಸಾಮಾನ್ಯವಾಗಿ ಬಳಸುವ ಸಂಖ್ಯೆ 30. ಟಿವಿ ಇಲ್ಲದ ಕಾಲ. ಗೋಲಿನ ಮುಂದೆ ಗಲಾಟೆಯಲ್ಲಿ ಚೆಂಡು ಒಳಗೆ ಹೋದರೆ ಒಂದು ಪತ್ರಿಕೆ ಒಬ್ಬರ ಹೆಸರು, ಇನ್ನೊಂದು ಮತ್ತೊಬ್ಬರ ಹೆಸರು ಬರೆಯುತ್ತಿತ್ತು. ಆ ಕಾಲದ ಎಷ್ಟೋ ಆಟಗಾರರ ಲೆಕ್ಕದಲ್ಲಿ ಹೀಗೆ ಒಂದೆರಡು ಹೆಚ್ಚುಕಡಿಮೆ ಸಿಗುತ್ತದೆ.

ಒರಾದ್ಯಾದಲ್ಲಿ ಅವರ ನೆನಪು ಉಳಿದಿದೆಯಾ?

ಊರಿನ ಮುನ್ಸಿಪಲ್ ಸ್ಟೇಡಿಯಂಗೆ ಅವರದೇ ಹೆಸರಿದೆ: ಸ್ಟಾಡಿಯೊನುಲ್ ಯೂಲಿಯು ಬೊಡೊಲಾ. ಅವರ ಹಳೆಯ ಕ್ಲಬ್ ಬೊಡೊಲಾ ಹೋದ ಮೇಲೂ 1948–49ರಲ್ಲಿ ರೊಮೇನಿಯಾದ ಲೀಗ್ ಗೆದ್ದಿತು. ಹೀಗೆ ಒಂದೇ ಕ್ಲಬ್ ಐದು ವರ್ಷಗಳ ಅಂತರದಲ್ಲಿ ಎರಡು ದೇಶಗಳ ಚಾಂಪಿಯನ್ ಆಯಿತು. 1963ರಲ್ಲಿ ಅದನ್ನು ಮುಚ್ಚಿದರು. 2017ರಲ್ಲಿ ಅಭಿಮಾನಿಗಳಿಗೆ ಮತ್ತೆ ಸಿಎಒ ಹೆಸರಿನ ತಂಡ ಸಿಕ್ಕಿತು.

ಆ ಕಾಲದ ಇನ್ಯಾರ ಬಗ್ಗೆ ತಿಳಿದುಕೊಳ್ಳಬೇಕು?

ಬರಾಟ್ಕಿ ಮತ್ತು ದೊಬಾಯ್ ಬಗ್ಗೆ ಮೇಲೆ ಹೇಳಿದ್ದೇನೆ. ನಿಕೊಲಾಯೆ ಕೊವಾಚ್ ಅವರನ್ನು ಬಿಡಬೇಡಿ. ಯುದ್ಧಕ್ಕೆ ಮುಂಚಿನ ಮೂರೂ ವಿಶ್ವಕಪ್‌ಗಳಲ್ಲಿ ಆಡಿದವರು ಇಡೀ ಜಗತ್ತಿನಲ್ಲಿ ಐದೇ ಜನ, ಅವರಲ್ಲಿ ಇವರೊಬ್ಬರು. ಇವರ ತಮ್ಮ ಶ್ತೆಫಾನ್ ಕೊವಾಚ್ ಮುಂದೆ ನೆದರ್ಲೆಂಡ್ಸ್‌ನ ಆಯಾಕ್ಸ್ ಕ್ಲಬ್‌ನ ಕೋಚ್ ಆಗಿ 1972 ಮತ್ತು 1973ರಲ್ಲಿ ಯೂರೋಪಿಯನ್ ಕಪ್ ಗೆದ್ದರು.

ಬೊಡೊಲಾ ನಂತರದ ಪೀಳಿಗೆಯಲ್ಲಿ ಇಬ್ಬರು ಮುಖ್ಯ. ತಿಮಿಶ್ವಾರಾದ ಯೊಸಿಫ್ ಪೆಚೊವ್ಸ್ಕಿ, ಯುದ್ಧಕಾಲದಲ್ಲಿ ಹಂಗೇರಿಯ ಪಾಲಾಗಿದ್ದ ಕ್ಲುಜ್ ತಂಡದಲ್ಲಿ ಆಡಿ, ಆಮೇಲೆ ಅರಾದ್ ತಂಡದ ಮೊದಲ ಲೀಗ್ ಪ್ರಶಸ್ತಿಗಳ ಬೆನ್ನೆಲುಬಾದವರು. ಇನ್ನೊಬ್ಬರು ಬುಖಾರೆಸ್ಟ್‌ನ ತಿತುಸ್ ಒಜೋನ್. 1952 ಮತ್ತು 1953ರಲ್ಲಿ ದಿನಾಮೊ ಪರ ಲೀಗ್‌ನ ಟಾಪ್ ಸ್ಕೋರರ್, ಡ್ರಿಬ್ಲಿಂಗ್‌ಗೆ ಹೆಸರುವಾಸಿ. ಬೊಡೊಲಾ ಓದಿ ಮುಗಿಸಿದವರು ಮುಂದೆ ಪೆಚೊವ್ಸ್ಕಿ ಕಡೆ ಹೋಗುವುದು ಒಳ್ಳೆಯದು. ಕ್ಲುಜ್‌ನ ಯುದ್ಧಕಾಲದ ತಂಡದ ಕಥೆ ಅವರ ಮೂಲಕ ಚೆನ್ನಾಗಿ ಗೊತ್ತಾಗುತ್ತದೆ. 1943–44ರಲ್ಲಿ ನಾದ್ಯವಾರಾದ್ ಗೆದ್ದ ಲೀಗ್‌ನಲ್ಲೇ ಆ ತಂಡ ಮೂರನೇ ಸ್ಥಾನ ಪಡೆದಿತ್ತು.